ಭದ್ರೆಯಿಂದ ತುಂಗೆಗೆ ಒಂದು ಯಂತ್ರದ ಸವಾರಿ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಕಬ್ಬಿಣದ ಕುಲುಮೆ ಬರುವ ಮೊದಲೇ ಊರು ಆ ಹೆಸರನ್ನು ಹೊತ್ತು ಕಾದಿದ್ದುದು ಸೋಜಿಗವೇ ಸರಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅದರ ನೌಕರರಿಗಾಗಿ ಬೆಳೆದ ಬಡಾವಣೆಯೇ ಕಾಗದನಗರ. 2015ರಲ್ಲಿ ಯಂತ್ರಗಳು ನಿಂತವು. ಬೀದಿಯ ಮರಗಳ ನೆರಳು ಹಾಗೆಯೇ ಇದೆ. ಪಾಳಿ ಮುಗಿಸಿ ಮನೆಗೆ ಮರಳುವವರ ಸಾಲು ಮಾತ್ರ ಕಾಣುವುದಿಲ್ಲ.

ಇಂಥ ಬೀದಿಯಿಂದ ಒಂದು ಭಾನುವಾರ ಮುಂಜಾನೆ ನಾನೂ ನನ್ನ ನಾಲ್ವರು ವಿದ್ಯಾರ್ಥಿಗಳೂ ಒಂದು ರಟ್ಟಿನ ಪೆಟ್ಟಿಗೆಯನ್ನು ಹಸುಗೂಸಿನಂತೆ ಎತ್ತಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆವು. ಒಳಗಿದ್ದುದು ಯಂತ್ರಮಾನವ. ಮಾನವನೆಂಬುದು ಹೆಸರಿಗೆ, ನೋಟಕ್ಕೆ ಸೋಪಿನ ಪೆಟ್ಟಿಗೆಗೆ ಚಕ್ರ ಕಟ್ಟಿದಂತಿತ್ತು. ಬಿಳಿಯ ನೆಲದ ಮೇಲಿನ ಕರಿಯ ಗೆರೆಯನ್ನು ತಾನೇ ಹಿಡಿದು ಸಾಗುವುದು ಅದರ ವಿದ್ಯೆ. ಹೊಟ್ಟೆಯಡಿಯ ಪುಟ್ಟ ದೀಪಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ನೆಲಕ್ಕೆ ಚೆಲ್ಲುತ್ತವೆ. ಬಿಳಿ ಅವನ್ನು ಹಿಂದಿರುಗಿಸುತ್ತದೆ, ಕಪ್ಪು ನುಂಗುತ್ತದೆ. ಆ ಭೇದವನ್ನರಿತು ಚಕ್ರಗಳು ಎಡಕ್ಕೋ ಬಲಕ್ಕೋ ತಿರುಗುತ್ತವೆ.

ಕನ್ನಡದ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ವಿಜ್ಞಾನದ ಅಧ್ಯಾಪಕರಿಗೆ ಜ್ವರ. ಮಕ್ಕಳ ಸಂಗಡ ಹೋಗಲು ನಾನೊಬ್ಬನೇ ಬಿಡುವಾಗಿದ್ದೆ. ಸ್ಪರ್ಧೆಯ ಸಭಾಂಗಣದಲ್ಲಿ ಕಾಲಿಟ್ಟೊಡನೆಯೇ ವ್ಯವಸ್ಥಾಪಕರೊಬ್ಬರು, "ಜನ ಸಾಲದು ಸಾರ್, ನೀವೇ ಸ್ವಯಂಸೇವಕರಾಗಬೇಕು," ಎಂದು ನನ್ನ ಕೊರಳಿಗೆ ಪಟ್ಟಿಯನ್ನೂ ಕೈಗೆ ಗಡಿಯಾರವನ್ನೂ ಕೊಟ್ಟುಬಿಟ್ಟರು. ರೋಬಾಟ್ ಎಂಬ ಶಬ್ದ ಹೊರಟಿದ್ದು ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ. ಅದರ ಮೂಲವಾದ ಚೆಕ್ ಪದಕ್ಕೆ ಬಿಟ್ಟಿ ಚಾಕರಿಯೆಂದು ಅರ್ಥ. ಆ ದಿನ ನಿಜವಾದ ರೋಬಾಟ್ ಯಾರೆಂಬುದರಲ್ಲಿ ನನಗೆ ಸಂದೇಹವುಳಿಯಲಿಲ್ಲ.

"ನಮ್ಮ ಹುಡುಗರೂ ಇದೇ ಅಂಕಣದಲ್ಲಿ ಓಡಿಸುವವರಿದ್ದಾರೆ," ಎಂದೆ. "ತೀರ್ಪುಗಾರರು ಬೇರೆ ಇದ್ದಾರಲ್ಲ, ನೀವು ಹೊತ್ತು ಬರೆದರಾಯಿತು, ಯಾರಾದರೂ ಯಂತ್ರವನ್ನು ಮುಟ್ಟಿದರೆ ಹತ್ತು ಸೆಕೆಂಡು ಕೂಡಿಸಿ," ಎಂದು ಅವರು ಹೊರಟೇಹೋದರು.

ನಮ್ಮವರ ಸರದಿ ಮಧ್ಯಾಹ್ನಕ್ಕೆ ಬಂತು. ಯಂತ್ರ ಮೊದಲೆರಡು ತಿರುವುಗಳನ್ನು ಬಳುಕುತ್ತ ದಾಟಿತು. ಮೂರನೆಯ ತಿರುವಿನಲ್ಲಿ, ಕಿಟಕಿಯ ಬಿಸಿಲು ಬಿದ್ದ ಕಡೆ, ದಾರಿ ತಪ್ಪಿದ ಕರುವಿನಂತೆ ತಲೆಯಾಡಿಸುತ್ತ ನಿಂತಿತು. ತೀರ್ಪುಗಾರರು ಆಗ ಪಕ್ಕದವರ ಪ್ರಶ್ನೆಗೆ ಉತ್ತರಿಸುತ್ತಿದ್ದರು. ಹುಡುಗನೊಬ್ಬನ ಬೆರಳು ಚಾಚಿ, ಚಕ್ರವನ್ನು ಸೋಕಿ, ಹಿಂದೆ ಸರಿಯಿತು. ಯಂತ್ರ ಗೆರೆ ಹಿಡಿದು ಓಡಿತು. ಅದನ್ನು ಕಂಡವನು ನಾನೊಬ್ಬನೇ.

ಅವನ ತಂದೆ ಕಾರ್ಖಾನೆ ನಿಂತ ಮೇಲೆ ಬೇರೆ ಊರಿಗೆ ದುಡಿಯಲು ಹೋದವರು. ಬಿಡಿಭಾಗಗಳನ್ನು ಕೊಳ್ಳಲು ನಾಲ್ವರೂ ತಿಂಗಳುಗಟ್ಟಲೆ ಕೂಡಿಟ್ಟ ಹಣ ನನಗೆ ಗೊತ್ತಿತ್ತು. ಲೇಖನಿ ಒಂದು ಗಳಿಗೆ ಕಾಗದದ ಮೇಲೆ ತಡೆಯಿತು. ಆದರೆ ಬೆಳಗಿನಿಂದ ಬೇರೆ ಊರುಗಳ ಎಷ್ಟು ಮಕ್ಕಳಿಗೆ ಅದೇ ಹತ್ತು ಸೆಕೆಂಡು ಕೂಡಿಸಿದ್ದೆ! ಬರೆದೆ, ತೀರ್ಪುಗಾರರಿಗೂ ತಿಳಿಸಿದೆ. ನಾಲ್ಕು ಸೆಕೆಂಡುಗಳಿಂದ ಬಹುಮಾನ ತಪ್ಪಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಮೂವರು ನಿದ್ದೆಹೋದರು. ಅವನೊಬ್ಬ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಹೊರಗೆ ನೋಡುತ್ತಿದ್ದ. ಏನಾದರೂ ಹೇಳಬೇಕೆನ್ನಿಸಿದರೂ ನನಗೆ ಮಾತು ಒದಗಲಿಲ್ಲ. ಸುಮಾರು 20 ಕಿಲೋಮೀಟರಿನ ಆ ದಾರಿ ಅಷ್ಟು ದೀರ್ಘವಾದುದನ್ನು ನಾನು ಹಿಂದೆಂದೂ ಕಂಡಿಲ್ಲ. ಊರು ಹತ್ತಿರವಾದಾಗ ಅವನೇ ತಿರುಗಿದ.

"ಸಾರ್, ಬಿಸಿಲಿನಲ್ಲಿಯೂ ಅವಕೆಂಪು ಕಿರಣ ಇರುತ್ತದಲ್ಲವೇ, ಅದರಿಂದಲೇ ಇದಕ್ಕೆ ಕಣ್ಣುಕಟ್ಟಿತು. ಸುತ್ತ ಒಂದು ಕರಿಯ ಕಾಗದದ ಮರೆ ಕಟ್ಟಿದ್ದರೆ ನಾನು ಮುಟ್ಟಬೇಕಾಗಿಯೇ ಇರಲಿಲ್ಲ."

ಒಂದು ಕ್ಷಣ ಬಿಟ್ಟು, "ಕಾಗದನಗರದವರಿಗೆ ಕಾಗದವೇ ಹೊಳೆಯಲಿಲ್ಲ ನೋಡಿ," ಎಂದು ನಕ್ಕ. ನನ್ನ ಎದೆಯ ಭಾರ ಅಲ್ಲಿಯೇ ಇಳಿಯಿತು. ಮರುದಿನ ಸಂಜೆ ಕರಿಯ ಕಾಗದವನ್ನು ನಾನೇ ಕೊಂಡುಹೋದೆ.