ದೇವನಹಳ್ಳಿಯ ಚಕ್ಕೋತ

ಟಿಪ್ಪು ಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿಯ ಕೋಟೆಯನ್ನು ಸುತ್ತಿ ಬಳಲಿದ ನಾವು, ಊರ ಹೊರಗಣ ತೋಟವೊಂದರ ನೆರಳಿನಲ್ಲಿ ಕುಳಿತಿದ್ದೆವು. ಆ ಮನೆಯ ವೃದ್ಧಮಾತೆಯು ನಮ್ಮ ಹೆಸರನ್ನೂ ಕೇಳದೆ, “ಬಿಸಿಲಲ್ಲಿ ಬಂದಿದೀರಿ, ಒಳಕ್ಕೆ ಬನ್ರಪ್ಪ” ಎಂದು ಕರೆದು, ಮಜ್ಜಿಗೆಯನ್ನಿತ್ತು, ಚಕ್ಕೋತವನ್ನು ಸುಲಿದು ತೊಳೆಗಳನ್ನು ಎಲೆಯ ಮೇಲಿರಿಸಿದರು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಹಣ್ಣು ಆ ಸೀಮೆಯ ಹೆಮ್ಮೆ. ೨೦೦೮ರಲ್ಲಿ ಸಮೀಪದಲ್ಲಿಯೇ ವಿಮಾನನಿಲ್ದಾಣವು ತೆರೆದ ಮೇಲೆ ನೆಲದ ಬೆಲೆಯೇರಿ, ಹಲವು ತೋಟಗಳು ನಿವೇಶನಗಳಾದುವು. ಆ ತಾಯಿಗೆ ಉಳಿದಿದ್ದುದು ಮೂರೇ ಮರ. ನಾವು ಹಣ ಕೊಡಹೋದಾಗ, “ಮನೆಗೆ ಬಂದವರ ಹತ್ರ ದುಡ್ಡು ಇಸ್ಕೊಂತಾರಾ?” ಎಂದು ನಕ್ಕು, ಮಕ್ಕಳಿಗೆಂದು ಇನ್ನೊಂದು ಹಣ್ಣನ್ನು ಚೀಲದೊಳಗಿಟ್ಟರು. ತೋಟವು ಕಿರಿದಾಗಿದ್ದಿತು, ಕೊಡುವ ಕೈ ಕಿರಿದಾಗಿರಲಿಲ್ಲ. ಹಿತ್ತಿಲುಳ್ಳ ವಾಚಕರು ಚಕ್ಕೋತದ ಸಸಿಯೊಂದನ್ನು ನೆಟ್ಟು, ಅದರ ಫಲವನ್ನು ಬಂದವರಿಗೆ ಹಂಚಿದರೆ ಇಂತಹ ಋಣವು ತುಸುವಾದರೂ ಸಂದೀತು.