ಅಪ್ಪಯ್ಯ ಮತ್ತು 900 ಮಿಲಿಮೀಟರ್

ಕಾಂದಿವಲಿ ಪೂರ್ವದ ಲೋಖಂಡ್‌ವಾಲಾದಲ್ಲಿ ನಮ್ಮ ಮನೆ. ಹೋದ ವರ್ಷ ನಮ್ಮ ಕಟ್ಟಡದ ಪಾರ್ಕಿಂಗಿಗೆ ಒಂದು ಲ್ಯಾಂಡ್ ರೋವರ್ ಡಿಫೆಂಡರ್ ಬಂತು. ಮೇಲಿನ ಮಹಡಿಯ ಸೇಠ್‌ಜಿಯದು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವರು ಅದರ ಲೆಕ್ಕ ಒಪ್ಪಿಸುವರು: ನೆಲದಿಂದ 291 ಮಿಲಿಮೀಟರ್ ಎತ್ತರ, 900 ಮಿಲಿಮೀಟರ್ ನೀರಿನಲ್ಲೂ ಓಡುತ್ತದೆ, ನೀರು ಎಷ್ಟು ಆಳ ಎಂದು ಪರದೆಯೇ ತೋರಿಸುತ್ತದೆ. ಆ ಗಾಡಿ ಅಲ್ಲಿಯವರೆಗೆ ಕಂಡ ದೊಡ್ಡ ಗುಡ್ಡವೆಂದರೆ ನಮ್ಮ ಗೇಟಿನ ಸ್ಪೀಡ್ ಬ್ರೇಕರ್.

ಜುಲೈನಲ್ಲಿ ಅಪ್ಪಯ್ಯ ಕಣ್ಣಿನ ಪೊರೆ ತೋರಿಸಲು ಊರಿಂದ ಬಂದರು. ಕುಂದಾಪುರದ ಸಿದ್ದಾಪುರ ಕಡೆ ಇಪ್ಪತ್ತೈದು ವರ್ಷ ಬಾಡಿಗೆ ಜೀಪು ಓಡಿಸಿದವರು. ಮಲಾಡಿನಿಂದ ವಾಪಸ್ ಬರುವಾಗ ಸೇಠ್‌ಜಿ ದಾರಿಯಲ್ಲಿ ಕಂಡು ಹತ್ತಿಸಿಕೊಂಡರು. ಮಲಾಡ್ ಸಬ್‌ವೇ ಬಾಯಿಗೆ ಬರುವಾಗ ಒಳಗೆ ಕಪ್ಪು ನೀರು ತುಂಬಿತ್ತು. ಬೇರೆಯವರೆಲ್ಲ ಹಿಂದೆ ಸರಿಯುತ್ತಿದ್ದರೆ ಸೇಠ್‌ಜಿ ಮುಖದಲ್ಲಿ ಹಬ್ಬ. ಗುಂಡಿ ಒತ್ತಿದರು, ಗಾಡಿ ಮೇಲೆದ್ದಿತು.

ಅಪ್ಪಯ್ಯ ನನ್ನ ಭುಜ ಮುಟ್ಟಿದರು. "ನೀರಿನ್ ಆಳ ಗಾಡಿ ಹೇಳತ್ತ್. ಅಡಿಗೆ ರಸ್ತೆ ಇತ್ತಾ ಇಲ್ಯಾ ಅಂಬ್ದ್ ಯಾರ್ ಹೇಳುದ್? ಕೇಂಡ್ ಕಾಣ್."

ಅದನ್ನು ಹಿಂದಿಗೆ ತಿರುಗಿಸಲು ಹೊರಟ ನನಗೆ ಮಾತು ಹೊರಡಲಿಲ್ಲ.

1994ರ ಆಷಾಢ. ನನಗೆ ಹನ್ನೊಂದು ವರ್ಷ. ಅಜ್ಜಿಯ ಬಾಯಿ ಒಂದು ಕಡೆಗೆ ವಾಲಿತ್ತು. ಕಾಲುಸಂಕ ಹಿಂದಿನ ದಿನವೇ ಕೊಚ್ಚಿಹೋಗಿತ್ತು. ಹಳ್ಳದ ದಂಡೆಯಲ್ಲಿ ಅಪ್ಪಯ್ಯ ಇಳಿದು, ಬಿದಿರು ಮುರಿದು ನೀರಿಗೆ ಊರಿ ನೋಡಿ, ಬಂದು ಎಂಜಿನ್ ಆಫ್ ಮಾಡಿದರು. ಹಿಂದೆ ಕೂತವರು ಬೈದರು. ಎರಡೂವರೆ ಗಂಟೆ ಕಾದು, ನೀರಿಳಿದ ಮೇಲೆ ದಾಟಿದೆವು. ಅಜ್ಜಿ ಬದುಕಿದರು, ಬಲಗೈ ಮಾತ್ರ ಮತ್ತೆ ಏಳಲಿಲ್ಲ. ನನಗೆ ತುತ್ತು ಕೊಡುತ್ತಿದ್ದ ಕೈ. ಅಪ್ಪಯ್ಯ ಹೆದರಿದರು ಎಂದೇ ನಾನು ಬೆಳೆದೆ.

ಎಂಜಿನಿಯರಿಂಗ್ ಓದಿದವ ನಾನು. ಒಂದು ಘನ ಮೀಟರ್ ನೀರನ್ನು ತಳ್ಳಿ ನಿಂತ ಗಾಡಿಯನ್ನು ಆ ನೀರು ಒಂದು ಟನ್ ಬಲದಿಂದ ಮೇಲೆತ್ತುತ್ತದೆ. ಹರಿಯುವ ನೀರಾದರೆ ಎರಡಡಿ ಸಾಕು, ಹೆಚ್ಚಿನ ಕಾರುಗಳು ತೇಲಿಹೋಗುತ್ತವೆ. ಟಯರು ನೆಲ ಬಿಟ್ಟ ಮೇಲೆ ನಾಲ್ಕು ಚಕ್ರಕ್ಕೂ ಶಕ್ತಿ ಇದ್ದು ಏನು ಫಲ? 2005ರ ಜುಲೈ 26ರಂದು ಇದೇ ಮುಂಬಯಿಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕೆಲವರು ಕಾರಿನೊಳಗೇ ಸಿಕ್ಕಿ ಸತ್ತರು. ಇದೆಲ್ಲ ಗೊತ್ತಿದ್ದೂ ಆ ಹಳ್ಳದ ಲೆಕ್ಕವನ್ನು ನಾನು ಒಮ್ಮೆಯೂ ಮಾಡಿರಲಿಲ್ಲ. ಜೀಪಿನಲ್ಲಿ ಅಜ್ಜಿಯೊಂದಿಗೆ ನಾನೂ ಇದ್ದೆ.

ಕೊನೆಗೂ ಹಿಂದಿಯಲ್ಲಿ ಹೇಳಿದೆ. ಸೇಠ್‌ಜಿ ಕನ್ನಡಿಯಲ್ಲಿ ಅಪ್ಪಯ್ಯನನ್ನೊಮ್ಮೆ ನೋಡಿ, ಏನೂ ಅನ್ನದೆ ರಿವರ್ಸ್ ಹಾಕಿದರು.

ಸುತ್ತು ಬಳಸಿ ಆಕುರ್ಲಿ ರಸ್ತೆಗೆ ಬರುವಾಗ ಕತ್ತಲಾಗಿತ್ತು. ಮಹೀಂದ್ರ ಕಾರ್ಖಾನೆಯ ಗೋಡೆ ತೋರಿಸಿ, ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಿದ ಕಂಪನಿ ಇದೇ ಎಂದೆ. 1948ರ ಮೊದಲ ಲ್ಯಾಂಡ್ ರೋವರ್ ಹುಟ್ಟಿದ್ದೂ ವಿಲ್ಲೀಸ್ ಜೀಪನ್ನು ನೋಡಿಯೇ ಎಂದೂ ಹೇಳಿದೆ.

"ಹಂಗಾರೆ ಇದ್ ನಮ್ಮ್ ಜೀಪಿನ್ ಸಂಬಂಧಿಕ್ರೇ ಅಲ್ದಾ," ಎಂದು ಅಪ್ಪಯ್ಯ ಸೀಟು ತಟ್ಟಿ ನಕ್ಕರು.

ಅಜ್ಜಿಯ ವಿಷಯ ನಾವಿಬ್ಬರೂ ಎತ್ತಲಿಲ್ಲ. ಇಳಿಯುವಾಗ ಅವರ ಕೈ ಹಿಡಿದೆ. ಕಣ್ಣು ಮಂಜಲ್ಲವೇ, ಎಂದುಕೊಂಡಿರಬೇಕು.