ಸರಳವೋ, ಸುಲಭವೋ? ಸೇಂಟ್ ಲೂಯಿಸ್ ಕಲಿಸಿದ ಪಾಠ

ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದವರು ಮೊದಲು ನೋಡೋದು ಮಿಸಿಸಿಪ್ಪಿ ದಡದ ಗೇಟ್‌ವೇ ಆರ್ಚ್, 630 ಅಡಿ ಎತ್ತರದ ಉಕ್ಕಿನ ಕಮಾನು. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಮಾತ್ರ ಈ ಊರು ಅಂದ್ರೆ 'ಸ್ಟ್ರೇಂಜ್ ಲೂಪ್'. 2009ರಲ್ಲಿ ಶುರುವಾಗಿ 2023ಕ್ಕೆ ಮುಗಿದ ಸಮ್ಮೇಳನ ಅದು.

2011ರಲ್ಲಿ ಇಲ್ಲಿ ರಿಚ್ ಹಿಕ್ಕಿ ಸುಮಾರು ಒಂದು ಗಂಟೆ ಮಾತಾಡಿದರು. ವಿಷಯ, 'ಸಿಂಪಲ್ ಮೇಡ್ ಈಸಿ'. 2007ರಲ್ಲಿ ಅವರು ಹೊರತಂದ ಕ್ಲೋಜರ್ ಭಾಷೆ ಆಗಿನ್ನೂ ಬಲ್ಲವರಷ್ಟೇ ಬಲ್ಲ ಭಾಷೆ. ಜಾವಾದ ವರ್ಚುವಲ್ ಮಷೀನ್ ಮೇಲೇ ಓಡುತ್ತೆ ನಿಜ, ಆದ್ರೆ ಕೋಡ್ ತುಂಬ ಬ್ರಾಕೆಟ್ಟುಗಳು!

ತಮಾಷೆ ಅಂದ್ರೆ, ಆ ಮಾತಿನಲ್ಲಿ ಕ್ಲೋಜರ್ ಕೋಡ್ ಹೆಚ್ಚುಕಮ್ಮಿ ಇರಲೇ ಇಲ್ಲ. ಅವರು ಬಿಡಿಸಿಟ್ಟದ್ದು ಎರಡು ಪದ. 'ಸಿಂಪಲ್' ಅಂದ್ರೆ ಒಂದರೊಳಗೊಂದು ಹೆಣೆದುಕೊಳ್ಳದೆ ಇರೋದು. 'ಈಸಿ' ಅಂದ್ರೆ ಕೈಗೆ ಹತ್ತಿರ ಇರೋದು. ಕನ್ನಡದಲ್ಲೂ ಹಾಗೇ ಅಲ್ವಾ? ಸರಳ ಅಂದ್ರೆ ನೇರ. ಸುಲಭ ಅಂದ್ರೆ ಸಲೀಸಾಗಿ ಸಿಗೋದು.

ಡೆಡ್‌ಲೈನ್ ಹತ್ತಿರ ಬಂದಾಗ ತಂಡಗಳು ಸುಲಭವಾದದ್ದನ್ನೇ ಆರಿಸ್ತವೆ. ಗಂಟು ಬಿಡಿಸೋ ಕೆಲಸ ಆಮೇಲೆ ಯಾರದೋ ರಾತ್ರಿ ನಿದ್ದೆ ಕೆಡಿಸುತ್ತೆ. ಅದಕ್ಕೇ ಕ್ಲೋಜರ್‌ನಲ್ಲಿ ಒಂದು ಸಾಲೂ ಬರೆಯದವರು ಸಹ ಆ ವಿಡಿಯೊ ನೋಡಿದ್ರು. ಕೆಲವರು ಭಾಷೆಯನ್ನೂ ಕಲಿತ್ರು. ಕ್ಲೋಜರ್ ಬಳಸಿ ಬೆಳೆದ ಬ್ರೆಜಿಲ್‌ನ ನೂಬ್ಯಾಂಕ್, 2020ರಲ್ಲಿ ಹಿಕ್ಕಿ ಇದ್ದ ಕಂಪನಿಯನ್ನೇ ಕೊಂಡಿತು.

ಸಮ್ಮೇಳನದ ಕೊನೆಯ ವರ್ಷಗಳಲ್ಲಿ ಜನ ಸೇರ್ತಿದ್ದ ಯೂನಿಯನ್ ಸ್ಟೇಷನ್, 1894ರ ರೈಲು ನಿಲ್ದಾಣ, ಈಗ ಹೋಟೆಲ್. ಸೇಂಟ್ ಲೂಯಿಸ್‌ಗೆ ಹೋದ್ರೆ ಆರ್ಚ್ ಜೊತೆ ಅದನ್ನೂ ನೋಡಿ. ಹೋಗೋಕಾಗದಿದ್ರೆ, ಮುಂದಿನ ಡಿಸೈನ್ ಮೀಟಿಂಗ್‌ಗೆ ಮುಂಚೆ ಆ ವಿಡಿಯೊ ಒಮ್ಮೆ ನೋಡಿ.